ಎಸ್‌ಪಿಬಿ ನಮ್ಮವರಾಗಿದ್ದು ಹೇಗೆ?

ತೆಲುಗಿನ ಗಾಯಕ ಎಸ್‌ಪಿಬಿಗೆ (ಎಸ್‌.ಪಿ. ಬಾಲಸುಬ್ರಹ್ಮಣ್ಯಂ) ಕನ್ನಡದಲ್ಲಿ ಇಷ್ಟೊಂದು ಅಭಿಮಾನಿಗಳು ಹೇಗೆ ಅಂತ ಕೇಳಿದ್ದೀರಿ. ದನಿ ಚೆನ್ನಾಗಿತ್ತು ಅನ್ನೋದಷ್ಟೇ ಉತ್ತರ ಅಲ್ಲ.

ನನಗನಿಸೋದು, ಮೊದಮೊದಲು ಜನ ಹುಚ್ಚರಾಗಿದ್ದು ಹೀರೋಗಳಿಗೆ. ತೆರೆ ಮೇಲೆ ಅವರಿಗೆ ದನಿಯಾಗಿದ್ದು ಎಸ್‌ಪಿಬಿ. ಹಾಗಾಗಿ ವಿಷ್ಣುವರ್ಧನ್, ಶಂಕರ್‌ನಾಗ್ ಅಭಿಮಾನಿಗಳು ತಮಗೇ ಗೊತ್ತಿಲ್ಲದೆ ಎಸ್‌ಪಿಬಿ ಅಭಿಮಾನಿಗಳೂ ಆದರು. ಶಂಕರ್‌ನಾಗ್ ನಟಿಸಿದ 1981ರ ‘ಗೀತಾ’ ಚಿತ್ರದ ‘ಸಂತೋಷಕ್ಕೆ’ ಹಾಡನ್ನೇ ತಗೊಳ್ಳಿ. ಗಣೇಶನ ಆರ್ಕೆಸ್ಟ್ರಾದಲ್ಲಿ ಅದು ಶುರುವಾದರೆ ಸಾಕು, ಹಿಂದೆ ಕೂತವರೂ ಎದ್ದು ಕುಣೀತಾರೆ. ಅದೇ ಚಿತ್ರದ ‘ಜೊತೆಯಲಿ’ ಹಾಡಿಗೆ ಬನ್ನಿ: ಅದೇ ಹೀರೋ, ಅದೇ ಗಾಯಕ, ಆದರೆ ದನಿ ಪೂರ್ತಿ ಮೆತ್ತಗೆ. ಮಾತಾಡ್ತಾ ಮಾತಾಡ್ತಾ ಹಾಡಿಗೆ ಜಾರಿದ ಹಾಗೆ.

ಶಾಸ್ತ್ರೀಯ ಸಂಗೀತದವರು ಸ್ವಲ್ಪ ತಡವಾಗಿ ಒಪ್ಪಿದರು ಅನ್ಸುತ್ತೆ. ಅವರ ಬಾಯಿ ಮುಚ್ಚಿಸೋಕೆ ಹಿಂದೂಸ್ತಾನಿ ಗಾಯಕ ಗಾನಯೋಗಿ ಪಂಚಾಕ್ಷರ ಗವಾಯಿಗಳ ಕುರಿತ ಚಿತ್ರದಲ್ಲಿ ಎಸ್‌ಪಿಬಿ ಹಾಡಿದ ಹಾಡು ಸಾಕು. ಅದಕ್ಕೆ ರಾಷ್ಟ್ರಪ್ರಶಸ್ತಿಯೇ ಬಂತು.

ಆಮೇಲೆ ಎಸ್‌ಪಿಬಿ ನಡೆಸಿಕೊಡ್ತಿದ್ದ ಟಿವಿಯ ಹಾಡಿನ ಸ್ಪರ್ಧೆ ‘ಎದೆ ತುಂಬಿ ಹಾಡುವೆನು’. ಮಕ್ಕಳು ಎಲ್ಲಿ ತಪ್ಪಿದರು ಅಂತ ಹೇಳಿ, ಆ ಸಾಲನ್ನು ತಾವೇ ಹಾಡಿ ತೋರಿಸ್ತಿದ್ದರು. ಹಾಡು ಅಷ್ಟಾಗಿ ಕೇಳದ ಅಜ್ಜಿಯರೂ ಆ ಹೊತ್ತಿಗೆ ಟಿವಿ ಮುಂದೆ ಹಾಜರ್! ನೀವು ಹೊಸಬರಾದರೆ ‘ಗೀತಾ’ದಿಂದಲೇ ಶುರುಮಾಡಿ.