ಆಳಸಮುದ್ರದ ಮೀನಿನ ಕಣ್ಣಿಗೂ ಆಳಕ್ಕೂ ಸಂಬಂಧ ತೋರಿಸಲು ಕೋರಿಲೇಶನ್ (ಎರಡು ಅಳತೆಗಳು ಜೊತೆಜೊತೆಗೆ ಏರಿಳಿಯುತ್ತವಾ ಅನ್ನೋ ಲೆಕ್ಕ) ಸಾಕಾ, ರಿಗ್ರೆಶನ್ (ಅವುಗಳ ಚುಕ್ಕಿಗಳಿಗೆ ಗೆರೆ ಹೊಂದಿಸೋ ಲೆಕ್ಕ) ಬೇಕಾ?

ಎರಡೂ ಬೇಡ. ನಿಮ್ಮ ಕೋಷ್ಟಕದಲ್ಲಿ 600 ಮೀಟರ್‌ಗೆ ಬಿಟ್ಟ ಟ್ರಾಲ್ ಬಲೆಯಲ್ಲಿ ಸಿಕ್ಕಿದ್ದಕ್ಕೆಲ್ಲ "ಆಳ 600" ಅಂತ ಬರೆದಿದ್ದೀರಿ. ನಾನೂ ಹಾಗೇ ಬರೆದು ಇಡೀ ಕೋಷ್ಟಕ ಕೈಬಿಟ್ಟವನು. ಗ್ರಾಫ್‌ನಲ್ಲಿ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿವೆ ಅಂದಿರಲ್ಲ, ಮೊದಲು ಆ ಆಳದ ಕಾಲಮ್ಮನ್ನೇ ಅನುಮಾನಿಸಿ.

ಸಾದಾ ಬಲೆಯ ಬಾಯಿ ನೀರಿಗಿಳಿದಾಗಿನಿಂದ ಡೆಕ್‌ಗೆ ಬರುವವರೆಗೂ ತೆರೆದೇ ಇರುತ್ತೆ. ಎಳೆದು ಮೇಲೆತ್ತುವಾಗ 150 ಮೀಟರ್‌ನಲ್ಲಿದ್ದ ಮೀನೂ ಅದರೊಳಗೇ ಬೀಳುತ್ತೆ. ಇನ್ನು ಆ 600 ಎಲ್ಲಿಂದ ಬಂತು? ಬಿಟ್ಟ ವೈರಿನ ಉದ್ದವನ್ನೇ ನಾನು ಆಳ ಅಂದುಕೊಂಡಿದ್ದೆ. ಹಡಗು ಸಾಗುತ್ತಿದ್ದರೆ ವೈರು ಓರೆಯಾಗುತ್ತೆ. ಲಂಬಕ್ಕೆ 45 ಡಿಗ್ರಿ ಓರೆಯಿದ್ದರೆ 600 ಮೀಟರ್ ವೈರಿಗೆ ಬಲೆ ಇರೋದು ಸುಮಾರು 425ರಲ್ಲಿ, 60 ಡಿಗ್ರಿಯಾದರೆ 300ರಲ್ಲಿ. ವೈರು ನೀರಲ್ಲಿ ಬಾಗುವುದರಿಂದ ಇದೂ ಅಂದಾಜೇ. ಬಲೆಗೆ ಕಟ್ಟಿದ, ನೀರಿನ ಒತ್ತಡದಿಂದ ಆಳ ತಿಳಿಸುವ ಪ್ರೆಶರ್ ಸೆನ್ಸರಿನ ದಾಖಲೆ ಇದ್ದರೆ ಅದನ್ನು ಮಾತ್ರ ನಂಬಿ. ಮಾಕ್‌ನೆಸ್ ಥರ ಬೇಕಾದ ಆಳದಲ್ಲಿ ತೆರೆದು ಮುಚ್ಚುವ ಬಲೆಯಲ್ಲಿ ಹಿಡಿದ ಮೀನುಗಳು ಸಿಕ್ಕರೆ ಬಿಡಲೇಬೇಡಿ.

ಮೀನು ಹಿಡಿದ ಗಂಟೆಯನ್ನೂ ಬರೆಯಿರಿ. ಅರಬ್ಬಿ ಸಮುದ್ರದ ಲ್ಯಾಂಟರ್ನ್‌ಫಿಶ್ ಬೆಂಥೊಸೀಮಾ ಟೆರೋಟಮ್ ಹಗಲು ಆಮ್ಲಜನಕ ತೀರಾ ಕಡಿಮೆಯಿರುವ ಪದರದಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಮೇಲ್ಮೈ ಹತ್ತಿರಕ್ಕೆ ಮೇಯಲು ಬರುತ್ತೆ. ಅದಕ್ಕೆ ಒಂದೇ ಆಳ ಅಂತ ಯಾವುದನ್ನು ಬರೀತೀರಿ?

ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅನ್ನೋದು ಇದಕ್ಕೇ. ಕಣ್ಣು ವಿಕಾಸವಾಗುವುದು ಮೀಟರಿಗೆ ಹೊಂದಿಕೊಂಡಲ್ಲ, ಸಿಗುವ ಬೆಳಕಿಗೆ ಮತ್ತು ಆ ಬೆಳಕಲ್ಲಿ ಮಾಡುವ ಕೆಲಸಕ್ಕೆ. ಹ್ಯಾಚೆಟ್‌ಫಿಶ್ ಆರ್ಗಿರೊಪೆಲೆಕಸ್ ನೋಡಿ: ಕೊಳವೆಯಂಥ ಕಣ್ಣು ಮೇಲಕ್ಕೇ ನೆಟ್ಟಿದೆ, ಮಂಕು ನೀಲಿ ಬೆಳಕಿಗೆ ಅಡ್ಡ ಬರುವ ಬೇಟೆಯ ನೆರಳು ಹಿಡಿಯಲು. ತನ್ನ ನೆರಳು ಕೆಳಗಿನವರಿಗೆ ಕಾಣದ ಹಾಗೆ ಹೊಟ್ಟೆಯಡಿ ದೀಪದ ಸಾಲು. ಅದೇ ನಡುನೀರಿನಲ್ಲಿ ಸೈಕ್ಲೊಥೋನ್ ಅನ್ನೋ ಮೀನಿನ ಕಣ್ಣು ಸಾಸಿವೆಯಷ್ಟು. ಎರಡನ್ನೂ ಒಂದೇ ಗೆರೆಗೆ ತಂದರೆ ಏನೂ ಸಿಗಲ್ಲ.

ಒಂದೇ ಕುಟುಂಬದ ಪ್ರಭೇದಗಳನ್ನು ಮಾತ್ರ ಹೋಲಿಸಿ. ರಾತ್ರಿ ಮೇಲೇರುವವು ಬೇರೆ, ಏರದವು ಬೇರೆ. ಬಲೆಯಲ್ಲಿ ನಲುಗಿದ ಕಣ್ಣುಗುಡ್ಡೆ ಅಳೆಯಬೇಡಿ, ಮಸೂರದ ವ್ಯಾಸ ಅಳೆದು, ಮೂತಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಭಾಗಿಸಿ. ಬಲೆ ಎಷ್ಟು ಕೆಡಿಸುತ್ತೆ ಅಂದರೆ, ಮ್ಯಾಕ್ರೊಪಿನ್ನಾ ಮೀನನ್ನು 1939ರಲ್ಲೇ ವಿವರಿಸಿದ್ದರೂ ಅದರ ತಲೆಯ ಮೇಲಿನ ಪಾರದರ್ಶಕ ಗುಮ್ಮಟ ಪ್ರಕಟವಾಗಿದ್ದು 2008ರಲ್ಲಿ, ಜೀವಂತ ಮೀನನ್ನು ನೀರೊಳಗೇ ಚಿತ್ರೀಕರಿಸಿದ ಮೇಲೆ. ಬಲೆಯಲ್ಲಿ ಬಂದವುಗಳಲ್ಲಿ ಅದು ಹರಿದೇ ಹೋಗಿರುತ್ತಿತ್ತು.