ತಂದೆಯವರ ಮರೆವು: ವಯಸ್ಸೋ, ಶ್ವಾಸಕೋಶವೋ?

ಉಸಿರಾಟದ ದಾರಿ ಕಿರಿದಾಗುವ ಸಿಒಪಿಡಿ ಕಾಯಿಲೆ ಇರುವ ನಿಮ್ಮ ತಂದೆಯವರು ಇನ್‌ಹೇಲರ್ ತೆಗೆದುಕೊಂಡದ್ದನ್ನೇ ಮರೆತು ಮತ್ತೆ ಹುಡುಕುತ್ತಾರೆ, ಇದು ವಯಸ್ಸಿನ ಮರೆವೋ ಕಾಯಿಲೆಯದೋ ಎಂದು ಕೇಳಿದ್ದೀರಿ. ಎರಡೂ ಇರಬಹುದು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಲ್ಲಿ ಗಮನ, ನೆನಪು, ಕೆಲಸವನ್ನು ಹಂತ ಹಂತವಾಗಿ ಮಾಡುವ ಶಕ್ತಿ ಕುಗ್ಗುವುದುಂಟು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುವುದು ಒಂದು ಕಾರಣ. ಕೆಟ್ಟ ನಿದ್ರೆ, ಖಿನ್ನತೆ, ಧೂಮಪಾನದಿಂದ ಹಾಳಾದ ರಕ್ತನಾಳಗಳೂ ಜೊತೆಗೂಡುತ್ತವೆ.

ನನ್ನ ತಾಯಿಗೂ ಇದೇ ಕಾಯಿಲೆ. ಇನ್‌ಹೇಲರ್ ಬಳಸುವುದು ಗೊತ್ತೇ ಎಂದರೆ ‘ಎಷ್ಟು ವರ್ಷದಿಂದ ಬಳಸುತ್ತಿದ್ದೇನೆ!’ ಎಂದು ರೇಗುತ್ತಿದ್ದರು. ಒಂದು ದಿನ ಮಾಡಿ ತೋರಿಸಿ ಎಂದೆ. ಡಬ್ಬಿ ಅಲುಗಾಡಿಸಲಿಲ್ಲ, ಮೊದಲು ಒತ್ತಿ, ಎರಡು ಕ್ಷಣ ಬಿಟ್ಟು ಉಸಿರೆಳೆದರು. ಔಷಧವೆಲ್ಲ ನಾಲಿಗೆಯ ಮೇಲೆ! ಆದ್ದರಿಂದ ಕೇಳಬೇಡಿ, ಮಾಡಿಸಿ ನೋಡಿ. ಇನ್‌ಹೇಲರ್‌ಗೂ ಬಾಯಿಗೂ ನಡುವೆ ಸ್ಪೇಸರ್ ಎಂಬ ಕೊಳವೆ ಜೋಡಿಸಿದರೆ ಈ ತೊಡಕು ಬಹಳ ಮಟ್ಟಿಗೆ ತಪ್ಪುತ್ತದೆ. ತೆಗೆದುಕೊಂಡ ಕೂಡಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ.

ಬೆಳಗಿನ ತಲೆನೋವು, ಹಗಲೆಲ್ಲ ತೂಕಡಿಕೆ, ಹಠಾತ್ ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿರಬಹುದು. ಬೆರಳಿನ ಆಕ್ಸಿಮೀಟರ್ ಅದನ್ನು ತೋರಿಸುವುದೇ ಇಲ್ಲ. ಮನೆಯಲ್ಲಿ ಆಮ್ಲಜನಕವಿದ್ದರೆ ನೀವಾಗಿ ಹರಿವು ಹೆಚ್ಚಿಸಬೇಡಿ, ಅದರಿಂದ ಇಂಗಾಲದ ಡೈಆಕ್ಸೈಡ್ ಇನ್ನೂ ಏರಬಹುದು. ಇಂಗಾಲದ ಡೈಆಕ್ಸೈಡ್ ಏರುವ ಅಪಾಯವಿರುವವರಿಗೆ ವೈದ್ಯರು ಸಾಮಾನ್ಯವಾಗಿ ಇಟ್ಟುಕೊಳ್ಳುವ ರಕ್ತದ ಆಮ್ಲಜನಕ ಮಟ್ಟದ ಗುರಿ ಶೇ 88–92, ನೂರಲ್ಲ.

ಮುಂದಿನ ಭೇಟಿಯಲ್ಲಿ ನೆನಪಿನ ಪರೀಕ್ಷೆ, ಬಿ12, ಥೈರಾಯ್ಡ್ ಬಗ್ಗೆ ಕೇಳಿ. ನಿದ್ರೆ ಮಾತ್ರೆ ಸೇವಿಸುತ್ತಿದ್ದರೆ ಅದನ್ನೂ ಮರೆಯದೆ ಹೇಳಿ.