ಹಸಿರು ಬೂಷ್ಟಿಗೆ ಔಷಧಿ ಹುಡುಕಬೇಡಿ, ಹುಲ್ಲು ಹಿಂಡಿ ನೋಡಿ

ಹುಲ್ಲು ತುಂಬಿ ಬೀಜ ಹಾಕಿ ಕಟ್ಟಿದ ಚಿಪ್ಪು ಅಣಬೆ ಚೀಲಗಳಲ್ಲಿ ಹಸಿರು ಬೂಷ್ಟು, ತಳದಲ್ಲಿ ಹುಳಿ ವಾಸನೆ, ಯಾವ ಔಷಧಿ ಹೊಡೆಯಲಿ ಅಂತ ಕೇಳಿದ್ದೀರಿ. ಯಾವುದನ್ನೂ ಹೊಡೆಯಬೇಡಿ. ಇದೇ ಪ್ರಶ್ನೆ ಹಿಡ್ಕೊಂಡು ನಾನೂ ಔಷಧಿ ಅಂಗಡಿ ಮೆಟ್ಟಿಲು ಹತ್ತಿದವನೇ. ಕಟ್ಟಿದ್ದು ನಲವತ್ತು ಚೀಲ, ಉಳಿದದ್ದು ಆರು. ಬೀಜ, ಅಂದರೆ ಅಣಬೆಯ ಎಳೆ ಹಬ್ಬಿದ ಕಾಳು, ಕೊಟ್ಟವರನ್ನು ಬೈದದ್ದೂ ಆಯಿತು. ತಪ್ಪು ಬೀಜದ್ದಲ್ಲ, ಹುಲ್ಲಿನಲ್ಲಿದ್ದ ನೀರಿನದ್ದು.

ಆಷಾಢದ ಮಳೆ. ಭತ್ತದ ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಿ ರಾತ್ರಿಯಿಡೀ ನೆನೆಸಿದ್ದೆ, 80 ಡಿಗ್ರಿ ನೀರಲ್ಲಿ ಒಂದು ಗಂಟೆ ಇಟ್ಟಿದ್ದೆ. ಅಲ್ಲಿಯವರೆಗೆ ಸರಿ. ಆಮೇಲೆ ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿ ಎರಡು ಗಂಟೆ ಬಿಟ್ಟೆ. ಮೇಲಿನ ಹುಲ್ಲು ಮುಟ್ಟಿ ನೋಡಿ, ಆರಿದೆ ಅಂದ್ಕೊಂಡು ತುಂಬಿಬಿಟ್ಟೆ. ಗುಡ್ಡೆಯ ಹೊಟ್ಟೆಯಲ್ಲಿ ನೀರು ಹಾಗೇ ಇತ್ತು.

ಅಷ್ಟು ನೀರು ಯಾಕೆ ಚೀಲವನ್ನೇ ಕೆಡಿಸುತ್ತದೆ ಅಂದರೆ, ಬಿಸಿನೀರು ಎಲ್ಲವನ್ನೂ ಕೊಲ್ಲುವುದಿಲ್ಲ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಗಟ್ಟಿ ಕವಚದ ಬೀಜಾಣು ಮಾಡಿಕೊಂಡು ಕೂರುತ್ತವೆ, ಕುದಿಸಿದರೂ ಎಷ್ಟೋ ಉಳಿಯುತ್ತವೆ. ಹುಲ್ಲು ತಣಿಯುತ್ತಿದ್ದಂತೆ ಎದ್ದು ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. 20 ನಿಮಿಷಕ್ಕೊಮ್ಮೆ ಇಬ್ಬಾಗವಾದರೆ ಲೆಕ್ಕದ ಪ್ರಕಾರ ಹತ್ತು ಗಂಟೆಯಲ್ಲಿ ಒಂದೇ ಬ್ಯಾಕ್ಟೀರಿಯಾ 107 ಕೋಟಿ ಆಗುತ್ತದೆ. ಆಹಾರ ಮುಗಿದು, ಹುಳಿ ಏರಿ ಅಷ್ಟಾಗುವುದಿಲ್ಲ, ಆದರೆ ಓಟ ಶುರುವಾದ ವೇಗ ಅದು. ಅಣಬೆಯ ಬಿಳಿ ಎಳೆ ಬೆಳೆಯುವುದು ತುದಿಯಲ್ಲಿ ಮಾತ್ರ, ದಿನಕ್ಕೆ ಕೆಲವೇ ಮಿಲಿಮೀಟರ್. ಅದಕ್ಕೆ ಗಾಳಿಯೂ ಬೇಕು. ಹುಲ್ಲಿನ ಸಂದಿಗಳಲ್ಲಿ ನೀರು ನಿಂತರೆ ಆಮ್ಲಜನಕ ಒಳಗೆ ಹೋಗುವುದಿಲ್ಲ. ಗಾಳಿಗಿಂತ ನೀರಿನಲ್ಲಿ ಅದು ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಎಳೆ ಅಲ್ಲೇ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಹುಳಿ ಹಿಡಿಸುತ್ತದೆ. ದೋಸೆ ಹಿಟ್ಟು ಹುಳಿ ಬಂದಂಥದ್ದೇ ಕೆಲಸ, ಇಲ್ಲಿ ಬೇಡವಾದದ್ದು ಅಷ್ಟೆ.

ಎಳೆ ಹಬ್ಬದೆ ಖಾಲಿ ಉಳಿದ ಜಾಗಕ್ಕೆ ಟ್ರೈಕೋಡರ್ಮಾ ಎಂಬ ಇನ್ನೊಂದು ಶಿಲೀಂಧ್ರ ನುಗ್ಗುತ್ತದೆ. ಅದರ ಎಳೆಯೂ ಮೊದಲು ಬಿಳಿಯೇ, ನೀವು ನೋಡಿದ ಹಸಿರು ಅದರ ಬೀಜಾಣು. ಅಂದರೆ ಕಣ್ಣಿಗೆ ಬಿದ್ದಾಗ ಕೆಲಸ ಮುಗಿದಿರುತ್ತದೆ. ಬೇರೆ ಶಿಲೀಂಧ್ರಗಳಿಗೆ ಸುತ್ತಿಕೊಂಡು ಅವುಗಳ ಕೋಶದ ಗೋಡೆ ಕರಗಿಸುವುದೇ ಇದರ ಕಸುಬು. ಅಡಿಕೆ, ಕಾಳುಮೆಣಸಿನ ಬುಡಕ್ಕೆ ಪ್ಯಾಕೆಟ್ ತಂದು ಹಾಕುವುದೂ ಅದಕ್ಕೇ. ಅಣಬೆ ಶೆಡ್ಡಿನಲ್ಲೇ ಟ್ರೈಕೋಡರ್ಮಾ ಗೊಬ್ಬರ ಬೆರೆಸುತ್ತಿದ್ದರೆ ಇವತ್ತೇ ನಿಲ್ಲಿಸಿ.

ಶಿಲೀಂಧ್ರ ಕೊಲ್ಲುವ ಔಷಧಿ ಕಾರ್ಬೆಂಡಜಿಮ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. 100 ಲೀಟರ್ ನೀರಿಗೆ 7.5 ಗ್ರಾಂ ಅದು, ಸೋಂಕು ಕಳೆಯುವ ಫಾರ್ಮಲಿನ್ 125 ಮಿಲಿ, ಹುಲ್ಲು 16-18 ಗಂಟೆ ನೆನೆಸುವುದು. ಆ ಪದ್ಧತಿ ಇದೆ, ಆದರೆ ಅದು ಬೀಜ ಹಾಕುವ ಮೊದಲಿನದ್ದು, ಕಟ್ಟಿದ ಚೀಲಕ್ಕೆ ಹೊಡೆಯುವುದಲ್ಲ. ಕಾರ್ಬೆಂಡಜಿಮ್ ಬ್ಯಾಕ್ಟೀರಿಯಾಕ್ಕೆ ಏನೂ ಮಾಡುವುದಿಲ್ಲ. ತಿನ್ನುವ ಬೆಳೆಗೆ, ಬಿಸಿನೀರು ಇರುವಾಗ, ನನಗಂತೂ ಅದು ಬೇಡ.

ಹುಲ್ಲನ್ನು ಗುಡ್ಡೆ ಹಾಕದೆ ಇಳಿಜಾರಿನಲ್ಲಿ ತೆಳ್ಳಗೆ ಹರಡಿ. ಅಡಿಯಿಂದಲೇ ಒಂದು ಹಿಡಿ ತೆಗೆದು ಜೋರಾಗಿ ಹಿಂಡಿ. ಅಂಗೈ ಒದ್ದೆಯಾಗಬೇಕು, ಹೆಚ್ಚೆಂದರೆ ಒಂದೆರಡು ಹನಿ. ಧಾರೆ ಬಂದರೆ ಇನ್ನೂ ಹರಡಿರಲಿ, ಕತ್ತಲಾದರೂ ಸರಿ. ಅನುಮಾನವಿದ್ದರೆ 100 ಗ್ರಾಂ ತೂಗಿ ಪೂರ್ತಿ ಒಣಗಿಸಿ: 35 ಗ್ರಾಂ ಆಸುಪಾಸು ಉಳಿದರೆ ಹದ, 25 ಉಳಿದರೆ ನನ್ನ ನಲವತ್ತು ಚೀಲದ ಕಥೆ. ಬೀಜ 3 ಕೆಜಿ ಒದ್ದೆ ಹುಲ್ಲಿಗೆ 100 ಗ್ರಾಂ ಹಾಕಿ, ಹುಲ್ಲು 30 ಡಿಗ್ರಿಗಿಂತ ಕೆಳಗೆ ತಣಿದ ಮೇಲೆಯೇ. ಚೀಲಗಳನ್ನು ಒತ್ತೊತ್ತಾಗಿ ಪೇರಿಸಬೇಡಿ, ಬೆಳೆಯುವಾಗ ನಡುವೆ ಬಿಸಿ ಏರುತ್ತದೆ.

ಈಗ ಹಸಿರಾದ ಚೀಲಗಳನ್ನು ಶೆಡ್ಡಿನೊಳಗೆ ಬಿಚ್ಚಬೇಡಿ, ಒರೆಸಲೂ ಬೇಡಿ, ಪುಡಿ ಹಾರುತ್ತದೆ. ಕಟ್ಟಿದಂತೆಯೇ ಹೊರಗೊಯ್ದು ಗುಂಡಿಗೆ ಹಾಕಿ ಮಣ್ಣೆಳೆಯಿರಿ. ಇನ್ನೂ ಬಿಳಿಯಿದ್ದು ತಳದಲ್ಲಿ ನೀರು ನಿಂತಿರುವ ಚೀಲಗಳಿದ್ದರೆ, ದಬ್ಬಣವನ್ನು ಸ್ಪಿರಿಟ್‌ನಲ್ಲಿ ಒರೆಸಿ ಕೆಳಮೂಲೆಗೆ ಎರಡು ತೂತು ಹಾಕಿ, ಬಸಿದ ನೀರು ಪಕ್ಕದ ಚೀಲಕ್ಕೆ ತಾಗದ ಹಾಗೆ ನೇತುಹಾಕಿ. ನನಗೆ ಉಳಿದ ಆರು ಹಾಗೆ ಉಳಿದವೇ.